ಎಂಟು ದಿನದಲ್ಲಿ ಬರೆದ ಹಣೆಬರಹ



ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಶಾಲೆಗಳು ತೆರೆದು ಒಂದು ವಾರವಾದರೂ ಆಗಿರುತ್ತದೆ. ಮಠಗಳ ಉಚಿತ ಪ್ರಸಾದ ನಿಲಯಗಳಿಗೆ ಹೊಸ ಮಕ್ಕಳು ಟ್ರಂಕು, ಚಾಪೆ, ತಟ್ಟೆ, ಲೋಟ ಹೊತ್ತು ಬಂದಿರುತ್ತಾರೆ. ಕೆಲವರ ಅಳು ಇನ್ನೂ ನಿಂತಿರುವುದಿಲ್ಲ. ತರಗತಿಯ ಶಿಕ್ಷಕರು ಮಾತ್ರ ಅಷ್ಟರಲ್ಲಿ ಒಂದು ತೀರ್ಮಾನಕ್ಕೆ ಬಂದಿರುತ್ತಾರೆ: ಇವನು ಓದುವ ಹುಡುಗ, ಇವಳು ಪರವಾಗಿಲ್ಲ, ಅವನ ಹಣೆಯಲ್ಲಿ ವಿದ್ಯೆ ಬರೆದಿಲ್ಲ. ಈ ತೀರ್ಮಾನ ಎಲ್ಲಿಂದ ಬರುತ್ತದೆ, ಬಂದಮೇಲೆ ಏನು ಮಾಡುತ್ತದೆ ಎಂಬುದೇ ಈ ಬಾರಿಯ ಸಂಪಾದಕೀಯದ ವಿಷಯ. ಇಲ್ಲಿನ ಹೆಚ್ಚಿನ ಸಂಗತಿಗಳು ಅಮೆರಿಕದವು. ವರ್ಣಭೇದದ ಗಾಯ ಅಲ್ಲಿ ಇನ್ನೂ ಹಸಿಯಾಗಿದೆ, ನಿಜ. ಆದರೆ ಅಲ್ಲಿಯವರು ಆ ಗಾಯವನ್ನು ಕೂತು ಅಳೆದಿದ್ದಾರೆ. ನೀರಾವರಿ ಇಲಾಖೆಯಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಕೆಲಸ ಮಾಡಿ ನಿವೃತ್ತನಾದ ನನಗೆ, ಅಳತೆ ಪುಸ್ತಕದಲ್ಲಿ ದಾಖಲಾಗದ ಕೆಲಸಕ್ಕೆ ಬಿಲ್ಲು ಬರೆದು ಅಭ್ಯಾಸವಿಲ್ಲ.

1970ರಲ್ಲಿ ರೇ ರಿಸ್ಟ್ ಎಂಬ ಸಮಾಜಶಾಸ್ತ್ರಜ್ಞರು ಹಾರ್ವರ್ಡ್ ಎಜುಕೇಷನಲ್ ರಿವ್ಯೂ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಸೇಂಟ್ ಲೂಯಿಸ್ ನಗರದ ಬಡ ಬಡಾವಣೆಯೊಂದರ ಶಾಲೆ. ಮಕ್ಕಳೆಲ್ಲ ಕಪ್ಪು ಜನಾಂಗದವರು, ಶಿಕ್ಷಕಿಯೂ ಕಪ್ಪು ಜನಾಂಗದವರೇ. ಅಲ್ಲಿನ ಶಿಶುವಿಹಾರದ ಒಂದು ತಂಡವನ್ನು ಅವರು ಎರಡನೆಯ ತರಗತಿ ಮುಟ್ಟುವವರೆಗೂ ಹಿಂಬಾಲಿಸಿ ನೋಡಿದರು. ಶಾಲೆ ಶುರುವಾದ ಎಂಟನೆಯ ದಿನ ಶಿಕ್ಷಕಿ ಮಕ್ಕಳಿಗೆ ಖಾಯಂ ಜಾಗ ಗೊತ್ತುಮಾಡಿದರು. ಮೂರು ಮೇಜು, ಮೂರು ಗುಂಪು. ಒಂದು ಪರೀಕ್ಷೆಯೂ ನಡೆದಿರಲಿಲ್ಲ. ಮೊದಲ ಮೇಜಿಗೆ ಹೋದವರು ಶುಭ್ರವಾದ ಬಟ್ಟೆ ತೊಟ್ಟವರು, ಶಿಕ್ಷಕಿಯ ಹತ್ತಿರ ಧೈರ್ಯವಾಗಿ ಹೋಗುವವರು, ಶಾಲೆಯ ಶಿಷ್ಟ ಭಾಷೆ ಆಡುವವರು, ಓದಿದ ಅಪ್ಪ ಅಮ್ಮ ಇರುವವರು. ಹಳೆಯ ಬಟ್ಟೆಯವರು, ಮನೆಯ ಆಡುಮಾತಿನವರು, ಸರ್ಕಾರದ ನೆರವಿನಲ್ಲಿ ಬದುಕುವ ಮನೆಯವರು, ಮೈಬಣ್ಣ ಇನ್ನೂ ಕಪ್ಪಗಿರುವವರು ಹಿಂದಿನ ಎರಡು ಮೇಜಿಗೆ ಹೋದರು. ಯಾವ ಮಗುವಿನ ಮನೆಗೆ ಸರ್ಕಾರಿ ನೆರವು ಬರುತ್ತದೆ ಎಂಬ ವಿವರ ಶಾಲೆ ಶುರುವಾಗುವ ಮೊದಲೇ ಶಿಕ್ಷಕಿಯ ಕೈಯಲ್ಲಿತ್ತು.

ಪಾಠವೆಲ್ಲ ಮೊದಲ ಮೇಜಿನ ಕಡೆ ಮುಖ ಮಾಡಿಯೇ ನಡೆಯಿತು. ಪ್ರಶ್ನೆ ಕೇಳಿದರೆ ಅವರನ್ನೇ, ಹೊಗಳಿದರೆ ಅವರನ್ನೇ. ಹಿಂದಿನವರ ಪಾಲಿಗೆ ಬಂದದ್ದು ಹೆಚ್ಚಾಗಿ ಗದರಿಕೆ. ಮರುವರ್ಷದ ಶಿಕ್ಷಕಿಯೂ ಹೆಚ್ಚುಕಡಿಮೆ ಅದೇ ವಿಂಗಡಣೆ ಉಳಿಸಿಕೊಂಡರು. ಎರಡನೆಯ ತರಗತಿಯಲ್ಲಿ ಗುಂಪುಗಳಿಗೆ ಹೆಸರೂ ಬಂತು: ಮುಂದಿನವರು ಹುಲಿಗಳು, ನಡುವಿನವರು ಕಾರ್ಡಿನಲ್ ಹಕ್ಕಿಗಳು, ಕೊನೆಯವರು ವಿದೂಷಕರು. ಶಿಶುವಿಹಾರದ ಹಿಂದಿನ ಮೇಜುಗಳಿಂದ ಒಂದು ಮಗುವೂ ಹುಲಿಗಳ ಗುಂಪಿಗೆ ಏರಲಿಲ್ಲ. ಆ ಹೊತ್ತಿಗೆ ನಿಜವಾದ ಪರೀಕ್ಷೆಯ ಅಂಕಗಳೂ ಕೈಯಲ್ಲಿದ್ದವು. ವಿದೂಷಕರಿಗೆ ಕಡಿಮೆ ಬಂದಿತ್ತು. ಎಂಟನೆಯ ದಿನದ ಊಹೆಗೆ ಎರಡು ವರ್ಷದ ನಂತರ ಪುರಾವೆ ಸಿಕ್ಕಿದಂತಾಯಿತು.

ಕಾಲುವೆಯ ಕೆಲಸ ಬಲ್ಲವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಂದು ವಿತರಣಾ ನಾಲೆಗೆ ನೂರು ಕ್ಯೂಸೆಕ್ ಬೇಕಿದ್ದಲ್ಲಿ ಅರವತ್ತು ಸಾಕೆಂದು ಅಂದಾಜು ಮಾಡಿದರೆ ನಾಲೆಯನ್ನು ಅರವತ್ತಕ್ಕೇ ಅಗೆಯುತ್ತೇವೆ. ಹತ್ತು ವರ್ಷ ಬಿಟ್ಟು ಹರಿವು ಅಳೆದರೆ ಅರವತ್ತೇ ಬರುತ್ತದೆ. ನೋಡಿ, ನಮ್ಮ ಅಂದಾಜು ಎಷ್ಟು ಸರಿಯಾಗಿತ್ತು ಎಂದು ಹೇಳಿಕೊಳ್ಳಬಹುದು. ಕಾಲುವೆಯ ಕೊನೆಯ ರೈತನ ಹೊಲ ಒಣಗಿದ್ದಕ್ಕೆ ಅವನ ಸೋಮಾರಿತನವೇ ಕಾರಣ ಎಂದೂ ಹೇಳಬಹುದು. ಇಂಥ ಮಾತನ್ನು ಸಭೆಗಳಲ್ಲಿ ನಾನು ಸಾಕಷ್ಟು ಕೇಳಿದ್ದೇನೆ.

ರಿಸ್ಟ್ ಅವರಿಗಿಂತ ಮೊದಲೇ ಈ ವಿಷಯದಲ್ಲಿ ಜಗತ್ತಿನ ಕಣ್ಣು ತೆರೆಸಿದವರು ಇಬ್ಬರು. ಹಾರ್ವರ್ಡ್‌ನ ಮನೋವಿಜ್ಞಾನಿ ರಾಬರ್ಟ್ ರೋಸೆಂತಾಲ್ ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಒಂದೇ ತಳಿಯ ಇಲಿಗಳನ್ನು ವಿದ್ಯಾರ್ಥಿಗಳಿಗೆ ಹಂಚಿ, ಕೆಲವರಿಗೆ ನಿಮ್ಮದು ಜಾಣ ಇಲಿ, ಕೆಲವರಿಗೆ ನಿಮ್ಮದು ದಡ್ಡ ಇಲಿ ಎಂದು ಹೇಳಿದ್ದರು. ಜಾಣ ಎನಿಸಿಕೊಂಡ ಇಲಿಗಳು ನಿಜಕ್ಕೂ ಬೇಗ ಕಲಿತವು. ಇದನ್ನು ಓದಿದ ಕ್ಯಾಲಿಫೋರ್ನಿಯಾದ ಶಾಲಾ ಮುಖ್ಯಸ್ಥೆ ಲೆನೋರ್ ಜೇಕಬ್ಸನ್ ಅವರಿಗೆ ಪತ್ರ ಬರೆದು, ಮಕ್ಕಳ ಮೇಲೆ ಪ್ರಯೋಗ ಮಾಡುವುದಾದರೆ ನನ್ನ ಶಾಲೆ ಇದೆ ಎಂದರು. ಹೀಗೆ ಒಬ್ಬ ಹೆಡ್‌ಮೇಡಂ ಬರೆದ ಪತ್ರದಿಂದ ಶಿಕ್ಷಣಶಾಸ್ತ್ರದ ಅತ್ಯಂತ ಪ್ರಸಿದ್ಧ ಪ್ರಯೋಗಗಳಲ್ಲೊಂದು ಹುಟ್ಟಿತು.

ಎಲ್ಲ ಮಕ್ಕಳಿಗೂ ಒಂದು ಬುದ್ಧಿ ಪರೀಕ್ಷೆ ಕೊಟ್ಟರು. ಆಮೇಲೆ ಶೇಕಡಾ 20ರಷ್ಟು ಮಕ್ಕಳ ಹೆಸರನ್ನು ಚೀಟಿ ಎತ್ತಿದಂತೆ ಆರಿಸಿ, ಈ ಮಕ್ಕಳು ಈ ವರ್ಷ ಅರಳಲಿದ್ದಾರೆ ಎಂದು ಪರೀಕ್ಷೆ ಹೇಳುತ್ತಿದೆ ಎಂದು ಶಿಕ್ಷಕರ ಕಿವಿಗೆ ಹಾಕಿದರು. ವರ್ಷ ಕಳೆದು ಮತ್ತೆ ಅಳೆದಾಗ ಒಂದನೆಯ ತರಗತಿಯಲ್ಲಿ ಹೆಸರು ಕೊಟ್ಟ ಮಕ್ಕಳ ಬುದ್ಧಿಸೂಚ್ಯಂಕ ಸರಾಸರಿ 27 ಅಂಶ ಏರಿತ್ತು, ಉಳಿದವರದು 12. ಎರಡನೆಯ ತರಗತಿಯಲ್ಲಿ ಸುಮಾರು 16, ಉಳಿದವರದು 7. ಆ ಶಾಲೆಯಲ್ಲಿ ಮೆಕ್ಸಿಕೋ ಮೂಲದ ಮಕ್ಕಳೂ ಇದ್ದರು. ಅವರಲ್ಲಿ ಯಾವ ಹುಡುಗರ ಮುಖಲಕ್ಷಣ ಎದ್ದು ಕಾಣುವಂತೆ ಮೆಕ್ಸಿಕನ್ ಆಗಿತ್ತೋ ಅವರಿಗೇ ಈ ಸುಳ್ಳು ಭವಿಷ್ಯದಿಂದ ಹೆಚ್ಚು ಲಾಭವಾಯಿತು. ಅವರ ಬಗ್ಗೆ ಮೊದಲಿದ್ದ ನಿರೀಕ್ಷೆಯೇ ಎಲ್ಲರಿಗಿಂತ ಕಡಿಮೆ ಇದ್ದಿರಬೇಕು ಎಂದು ಸಂಶೋಧಕರು ಊಹಿಸಿದರು. 1968ರಲ್ಲಿ ಇದು ಪುಸ್ತಕವಾಗಿ ಬಂತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಮ್ಮ ಪ್ರವಚನಕಾರರು, ತರಬೇತಿ ಕಾರ್ಯಾಗಾರದ ಭಾಷಣಕಾರರು ಈ ಪ್ರಯೋಗವನ್ನು ಪವಾಡದಂತೆ ಹೇಳುತ್ತಾರೆ: ನಂಬಿಕೆ ಇಟ್ಟರೆ ಸಾಕು, ಮಗು ಜಾಣನಾಗುತ್ತದೆ! ಅಷ್ಟು ಸುಲಭವಿಲ್ಲ. ಮೂರನೆಯ ತರಗತಿಯಿಂದ ಮೇಲಕ್ಕೆ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಬಳಸಿದ ಅಳತೆಗೋಲು ಅಷ್ಟು ಸಣ್ಣ ಮಕ್ಕಳಿಗೆ ಹೊಂದುವಂಥದ್ದಲ್ಲ ಎಂದು ಪರೀಕ್ಷಾಶಾಸ್ತ್ರದ ತಜ್ಞ ರಾಬರ್ಟ್ ಥಾರ್ನ್‌ಡೈಕ್ ಆಗಲೇ ಕಟುವಾಗಿ ಬರೆದರು. 1984ರಲ್ಲಿ ಸ್ಟೀಫನ್ ರಾಡೆನ್‌ಬುಷ್ ಇಂಥ 18 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮತ್ತೊಂದು ಸಂಗತಿ ಹೊರಬಿತ್ತು. ಶಿಕ್ಷಕರಿಗೆ ಮಗುವಿನ ಪರಿಚಯ ಎರಡು ವಾರಕ್ಕಿಂತ ಹೆಚ್ಚು ಇದ್ದರೆ ಹೊರಗಿನವರು ಬಂದು ಏನು ಹೇಳಿದರೂ ಅವರು ಬಗ್ಗುವುದಿಲ್ಲ. ಅಷ್ಟರೊಳಗೆ ಸ್ವಂತ ಅಭಿಪ್ರಾಯ ಗಟ್ಟಿಯಾಗಿರುತ್ತದೆ. ಜೂನ್ ತಿಂಗಳ ಮೊದಲ ಹದಿನೈದು ದಿನಕ್ಕೆ ಎಷ್ಟು ಬೆಲೆ ಎಂದು ಇದರಿಂದಲೇ ಲೆಕ್ಕ ಹಾಕಬಹುದು.

ಶಿಕ್ಷಕರ ಪರವಾಗಿಯೂ ಒಂದು ಮಾತು ಹೇಳಬೇಕು. ಲೀ ಜಸ್ಸಿಮ್ ಎಂಬ ಮನೋವಿಜ್ಞಾನಿ ದಶಕಗಳ ಸಂಶೋಧನೆಯನ್ನು ಸೋಸಿ, ಶಿಕ್ಷಕರ ಅಂದಾಜುಗಳು ಬಹುಪಾಲು ಸರಿಯೇ ಇರುತ್ತವೆ, ನಿರೀಕ್ಷೆಯಿಂದ ಆಗುವ ಏರುಪೇರು ಸಾಮಾನ್ಯವಾಗಿ ಸಣ್ಣದು ಎಂದು ತೋರಿಸಿದ್ದಾರೆ. ಒಪ್ಪೋಣ. ಅವರದೇ ತಂಡದ ಇನ್ನೊಂದು ಫಲಿತಾಂಶವನ್ನೂ ಒಪ್ಪಬೇಕಾಗುತ್ತದೆ: ಬಡ ಮಕ್ಕಳ ಮತ್ತು ಕಪ್ಪು ಜನಾಂಗದ ಮಕ್ಕಳ ವಿಷಯದಲ್ಲಿ ಆ ಏರುಪೇರು ಸಣ್ಣದಾಗಿ ಉಳಿಯುವುದಿಲ್ಲ. ಮನೆಯಲ್ಲಿ ಪುಸ್ತಕ, ಟ್ಯೂಷನ್, ಬೆನ್ನು ತಟ್ಟುವ ಚಿಕ್ಕಪ್ಪ ಇರುವ ಹುಡುಗನಿಗೆ ಶಿಕ್ಷಕರ ಒಂದು ತಾತ್ಸಾರದಿಂದ ಏನೂ ಆಗುವುದಿಲ್ಲ. ಶಾಲೆಯೊಂದನ್ನೇ ನಂಬಿ ಬಂದ ಮಗುವಿಗೆ ಅದೇ ಎಲ್ಲ.

ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ಬ್ರೌನ್ ಮೊಕದ್ದಮೆಯ ತೀರ್ಪು ಕೊಟ್ಟು ಕಪ್ಪು ಮತ್ತು ಬಿಳಿಯ ಮಕ್ಕಳಿಗೆ ಬೇರೆ ಬೇರೆ ಶಾಲೆ ನಡೆಸುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ನಮ್ಮ ಪಠ್ಯಗಳಲ್ಲಿ ಕತೆ ಅಲ್ಲಿಗೇ ನಿಲ್ಲುತ್ತದೆ. ಮುಂದೆ ಆದದ್ದೇನೆಂದರೆ, ಶಾಲೆಗಳನ್ನು ಒಂದುಗೂಡಿಸುವಾಗ ಮುಚ್ಚಿದ್ದು ಹೆಚ್ಚಾಗಿ ಕಪ್ಪು ಜನರ ಶಾಲೆಗಳನ್ನು. ದಕ್ಷಿಣದ ರಾಜ್ಯಗಳಲ್ಲಿ ಸಾವಿರಾರು ಕಪ್ಪು ಶಿಕ್ಷಕರು, ಮುಖ್ಯೋಪಾಧ್ಯಾಯರು ಕೆಲಸ ಕಳೆದುಕೊಂಡರು. ಮಕ್ಕಳು ಹೊಸ ಶಾಲೆಯ ಬಾಗಿಲು ದಾಟಿದರು, ಅವರನ್ನು ಬಲ್ಲ ಗುರುಗಳು ಹೊರಗೆ ಉಳಿದರು. ಇಂದಿಗೂ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಬಿಳಿಯ ಮಕ್ಕಳು ಅರ್ಧಕ್ಕಿಂತ ಕಡಿಮೆ, ಶಿಕ್ಷಕರಲ್ಲಿ ಮಾತ್ರ ಹತ್ತಕ್ಕೆ ಎಂಟು ಮಂದಿ ಬಿಳಿಯರು.

ಇದರ ಪರಿಣಾಮವನ್ನು ಸೇತ್ ಗರ್ಶೆನ್ಸನ್ ಮತ್ತು ಇಬ್ಬರು ಜೊತೆಗಾರ ಸಂಶೋಧಕರು ಜಾಣತನದಿಂದ ಅಳೆದರು. 2002ರಲ್ಲಿ ಆರಂಭವಾದ ಒಂದು ರಾಷ್ಟ್ರೀಯ ಸಮೀಕ್ಷೆಯಲ್ಲಿ ಹತ್ತನೆಯ ತರಗತಿಯ ಪ್ರತಿ ವಿದ್ಯಾರ್ಥಿಯ ಬಗ್ಗೆ ಇಬ್ಬರು ಶಿಕ್ಷಕರನ್ನು ಕೇಳಲಾಗಿತ್ತು: ಈ ಹುಡುಗ ಎಲ್ಲಿಯವರೆಗೆ ಓದಬಹುದು? ಹುಡುಗ ಒಬ್ಬನೇ, ನೋಡುವ ಕಣ್ಣು ಎರಡು. ಕಪ್ಪು ವಿದ್ಯಾರ್ಥಿಯೊಬ್ಬನನ್ನು ಒಬ್ಬ ಕಪ್ಪು ಶಿಕ್ಷಕರು ಮತ್ತು ಒಬ್ಬ ಬಿಳಿಯ ಶಿಕ್ಷಕರು ನೋಡಿದಲ್ಲಿ, ಇವನು ಪದವಿ ಮುಗಿಸುತ್ತಾನೆ ಎಂದು ಬಿಳಿಯ ಶಿಕ್ಷಕರು ಹೇಳುವ ಸಂಭವ ಸುಮಾರು ಶೇಕಡಾ 30ರಷ್ಟು ಕಡಿಮೆ ಇತ್ತು. ಇದೇ ಗರ್ಶೆನ್ಸನ್ ಭಾಗಿಯಾದ ಇನ್ನೊಂದು ಅಧ್ಯಯನ ಟೆನೆಸಿ ರಾಜ್ಯದ ಹಳೆಯ ಪ್ರಯೋಗವೊಂದರ ಮಕ್ಕಳನ್ನು ಹಿಂಬಾಲಿಸಿತು. ಆ ಪ್ರಯೋಗದಲ್ಲಿ ಯಾವ ಮಗು ಯಾವ ಶಿಕ್ಷಕರ ಬಳಿ ಹೋಗಬೇಕೆಂದು ಚೀಟಿ ಎತ್ತಿ ನಿರ್ಧರಿಸಿದ್ದರು. ಮೂರನೆಯ ತರಗತಿಯೊಳಗೆ ಒಬ್ಬರಾದರೂ ಕಪ್ಪು ಶಿಕ್ಷಕರು ಸಿಕ್ಕ ಕಪ್ಪು ಮಕ್ಕಳು ಮುಂದೆ ಪ್ರೌಢಶಾಲೆ ಮುಗಿಸುವ ಸಂಭವ ಶೇಕಡಾ 13ರಷ್ಟು ಹೆಚ್ಚಿತ್ತು. ಒಬ್ಬರು ಸಾಕಾಯಿತು.

2016ರಲ್ಲಿ ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಗಿಲಿಯಮ್ ಮತ್ತು ಸಂಗಡಿಗರು ಮಾಡಿದ್ದು ಇನ್ನೂ ಸರಳ. ಶಿಶುಶಾಲೆಯ ಶಿಕ್ಷಕರನ್ನು ಒಂದು ವಿಡಿಯೋ ಮುಂದೆ ಕೂರಿಸಿ, ಇದರಲ್ಲಿ ಮಕ್ಕಳು ತಂಟೆ ಶುರು ಮಾಡುವುದನ್ನು ಬೇಗ ಗುರುತಿಸಿ ಎಂದರು. ತೆರೆಯ ಮೇಲೆ ನಾಲ್ಕು ಮಕ್ಕಳು: ಕಪ್ಪು ಹುಡುಗ, ಕಪ್ಪು ಹುಡುಗಿ, ಬಿಳಿಯ ಹುಡುಗ, ಬಿಳಿಯ ಹುಡುಗಿ. ಕಣ್ಣು ಎಲ್ಲಿ ನೆಟ್ಟಿದೆ ಎಂದು ಉಪಕರಣವೊಂದು ದಾಖಲಿಸುತ್ತಿತ್ತು. ವಿಡಿಯೋದಲ್ಲಿ ತಂಟೆಯೇ ಇರಲಿಲ್ಲ. ಕಣ್ಣುಗಳು ಮಾತ್ರ ಕಪ್ಪು ಹುಡುಗನ ಮೇಲೆ ಹೆಚ್ಚು ಹೊತ್ತು ನಿಂತವು. ನಾಲ್ಕು ವರ್ಷದ ಮಗುವಿನ ಮೇಲೆ ಇಡೀ ದಿನ ಇಂಥ ಕಾವಲು ಇದ್ದರೆ ಅದರ ಒಂದಲ್ಲ ಒಂದು ತಪ್ಪು ಕಣ್ಣಿಗೆ ಬೀಳದೆ ಇರುತ್ತದೆಯೇ? ನೆರೆಯ ಮಗುವಿನ ಅದೇ ತಪ್ಪು ಯಾರಿಗೂ ಕಾಣುವುದಿಲ್ಲ.

ಇಂಗ್ಲೆಂಡಿನಲ್ಲೂ ಇದೇ ಕತೆ. ಗ್ರೆನೇಡಾ ದ್ವೀಪದಿಂದ ಬಂದು ಲಂಡನ್ನಿನಲ್ಲಿ ಬುದ್ಧಿಮಾಂದ್ಯರೆಂದು ಗುರುತಿಸಲಾದ ಮಕ್ಕಳ ಶಾಲೆಗಳಲ್ಲಿ ಪಾಠ ಮಾಡುತ್ತಿದ್ದ ಬರ್ನಾರ್ಡ್ ಕೋರ್ಡ್, ಅಲ್ಲಿ ಕೆರಿಬಿಯನ್ ಮಕ್ಕಳೇ ಯಾಕೆ ತುಂಬಿದ್ದಾರೆ ಎಂದು ಕೇಳಿ 1971ರಲ್ಲಿ ಒಂದು ಕಿರುಪುಸ್ತಕ ಬರೆದರು. (ಮುಂದೆ ತಮ್ಮ ದೇಶದ ರಾಜಕಾರಣದಲ್ಲಿ ಅವರು ಹಿಡಿದ ದಾರಿ ಬೇರೆ, ಅದರ ಮಾತು ಇಲ್ಲಿ ಬೇಡ.) ಮಗುವಿನ ಮನೆಮಾತು ಬೇರೆ ಎಂಬುದನ್ನೇ ಬುದ್ಧಿ ಕಡಿಮೆ ಎಂದು ಓದಿಕೊಂಡಿದ್ದರು ಎಂಬುದು ಅವರ ವಾದದ ಒಂದು ಭಾಗ. ನಾಲ್ಕು ದಶಕದ ನಂತರ ಸೈಮನ್ ಬರ್ಜೆಸ್ ಮತ್ತು ಎಲೆನ್ ಗ್ರೀವ್ಸ್ ಹನ್ನೊಂದು ವರ್ಷದ ಮಕ್ಕಳ ಎರಡು ಅಂಕಗಳನ್ನು ಪಕ್ಕಪಕ್ಕ ಇಟ್ಟರು. ಒಂದು, ಹೊರಗಿನವರು ತಿದ್ದುವ ರಾಷ್ಟ್ರೀಯ ಪರೀಕ್ಷೆಯದು. ಇನ್ನೊಂದು, ಸ್ವಂತ ಶಿಕ್ಷಕರು ಕೊಟ್ಟದ್ದು. ಕಪ್ಪು ಕೆರಿಬಿಯನ್ ಮಕ್ಕಳಿಗೆ ಶಿಕ್ಷಕರ ಅಂಕ ಪರೀಕ್ಷೆಯ ಅಂಕಕ್ಕಿಂತ ಕೆಳಗೆ ಇಳಿಯುತ್ತಿತ್ತು. ಭಾರತೀಯ ಮತ್ತು ಚೀನೀ ಮೂಲದ ಮಕ್ಕಳಿಗೆ ಮೇಲೆ ಏರುತ್ತಿತ್ತು.

ಈ ಕೊನೆಯ ವಾಕ್ಯ ಓದಿ ಯಾರಾದರೂ ಖುಷಿಪಟ್ಟಿದ್ದರೆ ಸ್ವಲ್ಪ ನಿಲ್ಲಿ. ನನ್ನ ಮಗಳ ಸಂಸಾರ ಅಮೆರಿಕದಲ್ಲಿದೆ. ಹಿಂದೊಮ್ಮೆ ನಾನೂ ನನ್ನ ಶ್ರೀಮತಿಯೂ ಅಲ್ಲಿ ಕೆಲವು ತಿಂಗಳು ಇದ್ದಾಗ ಮೊಮ್ಮಗ ನಾಲ್ಕನೆಯ ತರಗತಿ. ಪೋಷಕರ ಸಭೆಗೆ ಹೋದ ಮಗಳಿಗೆ ಶಿಕ್ಷಕಿ, ನಿಮ್ಮ ದೇಶದ ಮಕ್ಕಳ ಗಣಿತದ ಬಗ್ಗೆ ನಾನು ತಲೆಕೆಡಿಸಿಕೊಳ್ಳುವುದೇ ಇಲ್ಲ ಎಂದು ನಗುತ್ತ ಹೇಳಿ ಕಳಿಸಿದರಂತೆ. ಹುಡುಗ ಮನೆಯಲ್ಲಿ ಭಿನ್ನರಾಶಿ ಕೂಡಲಾಗದೆ ರಾತ್ರಿ ಕಣ್ಣೀರು ಹಾಕುತ್ತಿದ್ದ. ತರಗತಿಯಲ್ಲಿ ಕೈ ಎತ್ತಿ ಕೇಳಲು ನಾಚಿಕೆ, ಏಕೆಂದರೆ ಅವನಿಗೆ ಬರಲೇಬೇಕು. "ಅಪ್ಪಾ, ಹೊಗಳಿದ್ದಾರಲ್ಲ, ಏನಂತ ದೂರು ಕೊಡಲಿ?" ಎಂದಳು ಮಗಳು. ಕೊನೆಗೆ ಜೋಳದ ರೊಟ್ಟಿ ಮುರಿದು ಮುರಿದು ನಾಲ್ಕನೇ ಒಂದು, ಎಂಟನೇ ಒಂದು ಎಂದು ನಾನೇ ಹೇಳಿಕೊಟ್ಟೆ. ಹೊಗಳಿಕೆಯ ಪೂರ್ವಗ್ರಹವೂ ಮಗುವನ್ನು ನೋಡುವುದಿಲ್ಲ, ಅದರ ಕುಲವನ್ನು ನೋಡುತ್ತದೆ. ಇಷ್ಟಾದರೂ ನಮ್ಮ ಮಗುವಿಗೆ ಆದ ತೊಂದರೆ ರೊಟ್ಟಿಯಿಂದ ಸರಿಹೋಯಿತು. ಅದೇ ತಕ್ಕಡಿಯಲ್ಲಿ ಕೆಳಗೆ ಇಳಿದ ಮಗುವಿನ ಮನೆಯಲ್ಲಿ ಬಿಡುವಾಗಿ ಕೂತ ಅಜ್ಜ ಇರಬೇಕಲ್ಲ.

ಸರ್ವೆ ಕೆಲಸದಲ್ಲಿ ತಪ್ಪು ಎರಡು ಬಗೆ. ಒಂದು ಕೈತಪ್ಪು: ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ, ಹತ್ತು ಸಲ ಓದಿದರೆ ಒಂದಕ್ಕೊಂದು ಹೊಡೆದುಕೊಂಡು ಹೋಗುತ್ತದೆ. ಇನ್ನೊಂದು ಯಂತ್ರದ ತಪ್ಪು. ಡಂಪಿ ಲೆವೆಲ್‌ನ ನೋಟದ ರೇಖೆ ಒಂದು ಕೂದಲಷ್ಟು ವಾಲಿದ್ದರೆ ಪ್ರತಿ ಓದಿಗೆಯೂ ಒಂದೇ ಕಡೆಗೆ ತಪ್ಪುತ್ತದೆ. ನೂರು ಸಲ ಓದಿದರೂ ಸರಿಹೋಗುವುದಿಲ್ಲ. ಯಂತ್ರ ಹಿಡಿದವನು ಪ್ರಾಮಾಣಿಕನಾಗಿದ್ದರೂ ಪ್ರಯೋಜನವಿಲ್ಲ. ಅದಕ್ಕೇ ನಾವು ಯಂತ್ರವನ್ನು ಎರಡೂ ಸ್ಟಾಫ್‌ಗಳಿಂದ ಸಮ ದೂರದಲ್ಲಿ ಇಡುತ್ತೇವೆ. ಹಾಗೆ ಇಟ್ಟರೆ ವಾಲಿದ ಯಂತ್ರವೂ ಸರಿಯಾದ ವ್ಯತ್ಯಾಸ ಕೊಡುತ್ತದೆ. ಯಂತ್ರಕ್ಕೆ ನೀತಿಪಾಠ ಹೇಳುವುದಿಲ್ಲ, ವಿಧಾನ ಬದಲಿಸುತ್ತೇವೆ. ಶಾಲೆಗಳಲ್ಲಿಯೂ ಹೀಗೆ ಮಾಡಲು ಸಾಧ್ಯವೇ ಎಂದು ಹುಡುಕುತ್ತಿದ್ದಾಗ ಸಿಕ್ಕಿದ್ದು ಫ್ಲಾರಿಡಾದ ಬ್ರೊವರ್ಡ್ ಕೌಂಟಿ.

ಅಲ್ಲಿ ಪ್ರತಿಭಾವಂತ ಮಕ್ಕಳಿಗೆ ವಿಶೇಷ ತರಗತಿಗಳಿದ್ದವು. ಯಾರನ್ನು ಪರೀಕ್ಷೆಗೆ ಕಳಿಸಬೇಕೆಂದು ಶಿಕ್ಷಕರು, ಪೋಷಕರು ಸೂಚಿಸಬೇಕಿತ್ತು. ಬಡ ಮಕ್ಕಳು, ಕಪ್ಪು ಮಕ್ಕಳು, ಸ್ಪ್ಯಾನಿಷ್ ಮನೆಮಾತಿನ ಮಕ್ಕಳು ಅಲ್ಲಿಗೆ ತಲುಪುತ್ತಿದ್ದುದು ತೀರ ಕಡಿಮೆ. 2005ರಲ್ಲಿ ಜಿಲ್ಲೆಯ ಆಡಳಿತ ನಿಯಮ ಬದಲಿಸಿತು: ಎರಡನೆಯ ತರಗತಿಯ ಎಲ್ಲ ಮಕ್ಕಳಿಗೂ ಮಾತಿನ ಹಂಗಿಲ್ಲದ ಒಂದು ಚಿಕ್ಕ ಪ್ರಾಥಮಿಕ ಪರೀಕ್ಷೆ. ಪ್ರವೇಶದ ಮಾನದಂಡ ಒಂದಿಷ್ಟೂ ಸಡಿಲಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾಗ ವಿಶೇಷ ತರಗತಿ ಸೇರುವ ಬಡ ಮಕ್ಕಳ ಪ್ರಮಾಣ ಶೇಕಡಾ 180ರಷ್ಟು, ಹಿಸ್ಪಾನಿಕ್ ಮಕ್ಕಳದು 130ರಷ್ಟು, ಕಪ್ಪು ಮಕ್ಕಳದು 80ರಷ್ಟು ಏರಿತ್ತು. ಈ ಮಕ್ಕಳು ಹಿಂದೆಯೂ ಅಲ್ಲೇ ಇದ್ದರು, ಅದೇ ಬೆಂಚಿನ ಮೇಲೆ. ಯಾರೂ ಅವರ ಹೆಸರು ಬರೆದು ಕಳಿಸಿರಲಿಲ್ಲ. ಮುಂದೆ ಹಣದ ಮುಗ್ಗಟ್ಟಿನಿಂದ ಆ ಪರೀಕ್ಷೆಯನ್ನು ಕೈಬಿಟ್ಟಾಗ ಅಂಕಿಗಳು ಮತ್ತೆ ಕೆಳಗಿಳಿದವು. ಶಿಕ್ಷಕರು ಅವರೇ, ಅವರ ಮನಸ್ಸು ಮೊದಲೂ ಬದಲಾಗಿರಲಿಲ್ಲ, ಆಮೇಲೂ ಇಲ್ಲ. ಬದಲಾದದ್ದು ವಿಧಾನವೊಂದೇ. ಅಪ್ಪಟ ಇಂಜಿನಿಯರಿಂಗ್ ಎಂದು ನನಗೆ ಅನ್ನಿಸಿದ್ದು ಈ ಉದಾಹರಣೆ.

ಮನಸ್ಸು ತಲುಪುವ ದಾರಿಯೂ ಒಂದಿದೆ. 2014ರಲ್ಲಿ ಡೇವಿಡ್ ಯೇಗರ್, ಜೆಫ್ರಿ ಕೋಹೆನ್ ಮೊದಲಾದವರು ಪ್ರಕಟಿಸಿದ ಅಧ್ಯಯನದಲ್ಲಿ ಏಳನೆಯ ತರಗತಿಯ ಮಕ್ಕಳ ಪ್ರಬಂಧಗಳನ್ನು ಶಿಕ್ಷಕರು ಎಂದಿನಂತೆ ಕಟ್ಟುನಿಟ್ಟಾಗಿ ತಿದ್ದಿದರು. ಪ್ರತಿಯೊಂದಕ್ಕೂ ಒಂದು ಚೀಟಿ ಅಂಟಿಸಿತ್ತು. ಅರ್ಧ ಮಕ್ಕಳ ಚೀಟಿಯಲ್ಲಿ, ನಿನ್ನಿಂದ ನನಗೆ ದೊಡ್ಡ ನಿರೀಕ್ಷೆ ಇದೆ, ನೀನು ಅದನ್ನು ಮುಟ್ಟಬಲ್ಲೆ, ಅದಕ್ಕೇ ಇಷ್ಟು ತಿದ್ದಿದ್ದೇನೆ ಎಂಬ ಅರ್ಥದ ಮಾತು. ಉಳಿದ ಅರ್ಧಕ್ಕೆ ಒಣ ಮಾತು. ತಿದ್ದಿ ಮತ್ತೆ ಬರೆದುಕೊಡುವುದು ಮಕ್ಕಳ ಇಷ್ಟಕ್ಕೆ ಬಿಟ್ಟದ್ದು. ಒಣ ಚೀಟಿ ಪಡೆದ ಕಪ್ಪು ಮಕ್ಕಳಲ್ಲಿ ಮತ್ತೆ ಬರೆದವರು ಶೇಕಡಾ 17, ನಿರೀಕ್ಷೆಯ ಚೀಟಿ ಪಡೆದವರಲ್ಲಿ ಸುಮಾರು 70. ಸಣ್ಣ ಪ್ರಯೋಗ, ಐವತ್ತು ಮಕ್ಕಳೂ ಇರಲಿಲ್ಲ, ಹಾಗಾಗಿ ಇದರ ಮೇಲೆ ಅರಮನೆ ಕಟ್ಟುವುದು ಬೇಡ. ಆದರೂ ಗಮನಿಸಿ: ಕೆಂಪು ಶಾಯಿ ಎರಡೂ ಗುಂಪಿಗೆ ಅಷ್ಟೇ ಇತ್ತು. ತಪ್ಪನ್ನು ನೋಡಿಯೂ ನೋಡದಂತೆ ಬಿಡುವ ಕರುಣೆ ಇದಲ್ಲ. ಪಾಪ, ಅವನಿಂದ ಎಷ್ಟಾಗುತ್ತದೋ ಅಷ್ಟು ಸಾಕು ಎಂಬ ಮೆದು ಮಾತು ಬೈಗುಳಕ್ಕಿಂತ ಹೆಚ್ಚು ಕೆಡುಕು ಮಾಡುತ್ತದೆ ಎಂದು ನನಗೆ ಅನ್ನಿಸುತ್ತದೆ.

ಇನ್ನು ನಮ್ಮ ಕಡೆಗೆ ಬರೋಣ. ವರ್ಣ ಎಂದಲ್ಲಿ ಜಾತಿ ಎಂದು ಓದಿಕೊಂಡರೆ ಸಾಕು ಎಂಬುದು ಸೋಮಾರಿ ಹೋಲಿಕೆ. ನಮ್ಮಲ್ಲಿ ಮುಖ ನೋಡಿದರೆ ತಿಳಿಯುವುದಿಲ್ಲ; ಹೆಸರು, ಅಡ್ಡಹೆಸರು, ಕೇರಿ, ಅಪ್ಪನ ಉದ್ಯೋಗ ಕೇಳಿ ತಿಳಿಯಬೇಕು. ಕೇಳುತ್ತೇವೆ. ಅಳೆದ ದಾಖಲೆಯೂ ಇದೆ. ರೇಮಾ ಹನ್ನಾ ಮತ್ತು ಲೀ ಲಿಂಡನ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತದ ಮಕ್ಕಳು ನಿಜವಾಗಿ ಬರೆದ ಉತ್ತರಪತ್ರಿಕೆಗಳ ಮುಖಪುಟದ ಮೇಲೆ ಬೇರೆ ಬೇರೆ ಜಾತಿಯನ್ನು ಚೀಟಿ ಎತ್ತಿ ನಮೂದಿಸಿ ಶಿಕ್ಷಕರಿಗೆ ತಿದ್ದಲು ಕೊಟ್ಟರು. ಕೆಳಜಾತಿ ಎಂದು ಬರೆದಿದ್ದ ಪತ್ರಿಕೆಗಳಿಗೆ ಅಂಕ ಕಡಿಮೆ ಬಿತ್ತು. ವ್ಯತ್ಯಾಸ ಸಣ್ಣದು, ಆದರೆ ಒಂದೇ ಕಡೆಗೆ. ಇನ್ನೊಂದು ಸಂಗತಿ ಸಂಶೋಧಕರನ್ನೂ ಅಚ್ಚರಿಗೊಳಿಸಿತು: ಹೀಗೆ ಕಡಿಮೆ ಅಂಕ ಕೊಟ್ಟವರು ಮೇಲ್ಜಾತಿಯ ಶಿಕ್ಷಕರಲ್ಲ, ಕೆಳಜಾತಿಯ ಶಿಕ್ಷಕರು. ಸೇಂಟ್ ಲೂಯಿಸ್‌ನ ಆ ಶಿಕ್ಷಕಿಯನ್ನು ನೆನಪಿಸಿಕೊಳ್ಳಿ. ಮೇಲಿನವರ ಕಣ್ಣನ್ನು ಕೆಳಗಿನವರು ತಮ್ಮದಾಗಿಸಿಕೊಳ್ಳುವುದು ಎಲ್ಲ ಭೇದಗಳಿಗೂ ಸಮಾನವಾದ ಗುಣವಿರಬೇಕು. ಆದ್ದರಿಂದ ನಮ್ಮ ಶಾಲೆಯಲ್ಲಿ ಎಲ್ಲ ಸಮುದಾಯದ ಶಿಕ್ಷಕರಿದ್ದಾರೆ ಎಂಬ ಉತ್ತರ ಅರ್ಧ ಉತ್ತರ ಮಾತ್ರ.

ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟರು. ಜಾತಿಯ ಮಾತು ಎತ್ತದಿದ್ದಾಗ ಮೇಲ್ಜಾತಿ, ಕೆಳಜಾತಿಯ ಹುಡುಗರು ಹೆಚ್ಚುಕಡಿಮೆ ಸಮ. ಪ್ರತಿ ಹುಡುಗನ ಹೆಸರು, ಜಾತಿ ಎಲ್ಲರೆದುರು ಓದಿ ಹೇಳಿ ಆಮೇಲೆ ಬಿಡಿಸಲು ಕೊಟ್ಟಾಗ ಕೆಳಜಾತಿಯ ಹುಡುಗರು ಗಣನೀಯವಾಗಿ ಹಿಂದೆ ಬಿದ್ದರು. ವಿದ್ಯಾರ್ಥಿವೇತನದ ಅರ್ಜಿ ಬಂದಾಗ ನಮ್ಮ ಎಷ್ಟು ಶಾಲೆಗಳಲ್ಲಿ "ಎಸ್ಸಿ ಎಸ್ಟಿ ಮಕ್ಕಳು ಎದ್ದು ನಿಲ್ಲಿ" ಎನ್ನುತ್ತಾರೆ? ಹೇಳುವವರಲ್ಲಿ ಕೆಟ್ಟ ಉದ್ದೇಶವಿರುವುದಿಲ್ಲ. ಅರ್ಜಿ ತುಂಬಿಸಿ ಪುಣ್ಯ ಕಟ್ಟಿಕೊಳ್ಳುವ ಅವಸರ ಅಷ್ಟೇ.

ನಾವು ಹರಳಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರ ಭಾವಚಿತ್ರ ಹಾಕಿಕೊಂಡವರು. ನಮ್ಮ ಮಠಗಳ ದಾಸೋಹದ ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂತರು ಎಂದು ಕೇಳುವವರಿಲ್ಲ. ಅದು ಸಣ್ಣ ಸಾಧನೆಯಲ್ಲ, ಲಕ್ಷಾಂತರ ಬಡ ಮಕ್ಕಳು ಅಲ್ಲಿ ಉಂಡು ಓದಿ ಬೆಳೆದಿದ್ದಾರೆ. ಹಾಗಾಗಿಯೇ ನಮಗೆ ಒಂದು ನೆಮ್ಮದಿ ಬಂದುಬಿಟ್ಟಿದೆ. ಬೇಸಿಗೆ ರಜೆಗೆ ಮುಂಚೆ ನಾನು ಭೇಟಿ ಕೊಟ್ಟ ಒಂದು ಮಠದ ಶಾಲೆಯ ಮುಖ್ಯೋಪಾಧ್ಯಾಯರು, ಬಹಳ ಒಳ್ಳೆಯವರು, ಇದೇ ನೆಮ್ಮದಿಯಲ್ಲಿ ಹೇಳಿದರು: "ನಮ್ಮಲ್ಲಿ ಜಾತಿ ಅನ್ನೋ ಮಾತೇ ಇಲ್ರೀ ಸರ್." ನವೋದಯ ಪ್ರವೇಶ ಪರೀಕ್ಷೆಗೆ ಐದನೆಯ ತರಗತಿಯ ಮಕ್ಕಳಿಗೆ ಸಂಜೆ ವಿಶೇಷ ಪಾಠ ನಡೆಸುತ್ತಾರಂತೆ. ಪಟ್ಟಿ ನೋಡಬಹುದೇ ಎಂದೆ. ಹದಿನಾಲ್ಕು ಹೆಸರು. ಪಟ್ಟಿ ಮಾಡಿದ್ದು ಯಾರು ಎಂದು ಕೇಳಿದೆ. "ಕ್ಲಾಸ್ ಟೀಚರ್ ಮಾಡ್ತಾರ್ರೀ. ಯಾರ ಕೈಲೆ ಆಗ್ತದ ಅಂತ ಅವರಿಗೆ ಗೊತ್ತಿರ್ತದಲ್ಲರೀ." ಹೆಸರುಗಳನ್ನು ಒಂದೊಂದಾಗಿ ಅವರೇ ಓದುತ್ತಾ ಹೋದರು. ಹತ್ತನೆಯ ಹೆಸರು ದಾಟುವ ಹೊತ್ತಿಗೆ ಅವರ ದನಿ ನಿಧಾನವಾಯಿತು. ಊರ ಹೊರಗಿನ ಕೇರಿಯಿಂದ ಆ ತರಗತಿಗೆ ಬರುವ ಮಕ್ಕಳಲ್ಲಿ ಒಬ್ಬಳ ಹೆಸರು ಮಾತ್ರ ಪಟ್ಟಿಯಲ್ಲಿತ್ತು. ನಾನು ಏನೂ ಹೇಳಬೇಕಾಗಲಿಲ್ಲ. "ಈ ವರ್ಷ ಎಲ್ಲಾರಿಗೂ ಒಂದು ಟೆಸ್ಟ್ ಇಡ್ತೀನ್ರೀ" ಎಂದರು.

ಅವರಿಗಿದ್ದ ಧೈರ್ಯ ಎಲ್ಲ ಸಂಸ್ಥೆಗಳಿಗೂ ಇರಲಿ ಎಂಬುದು ನನ್ನ ಅಪೇಕ್ಷೆ. ಮಾಡಬೇಕಾದದ್ದು ಹೆಚ್ಚೇನಿಲ್ಲ, ಖರ್ಚೂ ಇಲ್ಲ. ನವೋದಯ ಇರಲಿ, ಎಂಟನೆಯ ತರಗತಿಯ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆ ಇರಲಿ, ವಿಶೇಷ ಪಾಠಕ್ಕೆ ಮಕ್ಕಳನ್ನು ಆರಿಸುವುದು ಒಬ್ಬರ ಮನಸ್ಸಿನ ಪಟ್ಟಿಯಿಂದ ಆಗದಿರಲಿ. ಇಡೀ ತರಗತಿಗೆ ಪರೀಕ್ಷೆ ಕೊಡಿ. ತಿಂಗಳ ಪರೀಕ್ಷೆಯ ಪತ್ರಿಕೆಗಳ ಮೇಲೆ ಹೆಸರಿನ ಬದಲು ಸಂಖ್ಯೆ ಬರೆಸಿ, ಎ ವಿಭಾಗದ್ದನ್ನು ಬಿ ವಿಭಾಗದವರು ತಿದ್ದಲಿ. ಎಸ್ಸೆಸ್ಸೆಲ್ಸಿಯಲ್ಲಿ ಆಂತರಿಕ ಮೌಲ್ಯಮಾಪನದ 20 ಅಂಕ ಶಿಕ್ಷಕರ ಕೈಯಲ್ಲೇ ಇದೆ. ಅದನ್ನೂ ಲಿಖಿತ ಪರೀಕ್ಷೆಯ 80 ಅಂಕಗಳನ್ನೂ ಬರ್ಜೆಸ್ ಮಾಡಿದಂತೆ ಪಕ್ಕಪಕ್ಕ ಇಟ್ಟು, ಯಾವ ಮಕ್ಕಳಿಗೆ ಯಾವ ಕಡೆ ವಾಲಿದೆ ಎಂದು ಆಡಳಿತ ಮಂಡಳಿಯೇ ಒಮ್ಮೆ ನೋಡಲಿ. ಬೆಂಚಿನ ಸಾಲು ಪ್ರತಿ ಸೋಮವಾರ ಬದಲಾಗಲಿ. ವಿದ್ಯಾರ್ಥಿವೇತನದ ಹೆಸರುಗಳನ್ನು ಕಚೇರಿಗೆ ಒಬ್ಬೊಬ್ಬರನ್ನೇ ಕರೆದು ಬರೆಸಿಕೊಳ್ಳಲಿ.

ಶಿಕ್ಷಕರು ಇದನ್ನು ತಮ್ಮ ಮೇಲಿನ ಆರೋಪ ಎಂದು ತಿಳಿಯಬಾರದು. ಅರವತ್ತು ಮಕ್ಕಳ ತರಗತಿ, ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಇಷ್ಟರ ನಡುವೆ ಯಾರಾದರೂ ಬೇಗ ಅಂದಾಜು ಮಾಡಿಯೇ ಮಾಡುತ್ತಾರೆ. ಮನುಷ್ಯನ ಕಣ್ಣು ವಾಲುತ್ತದೆ ಎಂದು ಒಪ್ಪಿಕೊಂಡ ಮೇಲೆ ಸ್ಟಾಫನ್ನು ಸಮ ದೂರದಲ್ಲಿ ನಿಲ್ಲಿಸುವುದಕ್ಕೆ ನಾಚಿಕೆ ಯಾಕೆ?

ನಮ್ಮ ಪತ್ರಿಕೆ ತಲುಪುವ ಶಾಲೆಗಳಲ್ಲಿ ಯಾವುದಾದರೂ ಈ ವರ್ಷ ಹೀಗೆ ಇಡೀ ತರಗತಿಗೆ ಪರೀಕ್ಷೆ ಕೊಟ್ಟರೆ, ಮೊದಲು ಶಿಕ್ಷಕರು ಬರೆದ ಪಟ್ಟಿಯನ್ನು ಒಂದು ಲಕೋಟೆಯಲ್ಲಿ ಮುಚ್ಚಿ ಇಡಿ. ಫಲಿತಾಂಶ ಬಂದಮೇಲೆ ಎರಡನ್ನೂ ಹೋಲಿಸಿ, ಮಕ್ಕಳ ಹೆಸರು ತೆಗೆದು, ಅಂಕಿಗಳನ್ನು ಮಾತ್ರ ಬರೆದು ದಸರೆಯೊಳಗೆ ನಮಗೆ ಕಳುಹಿಸಿ. ಎರಡು ಪಟ್ಟಿಯೂ ಒಂದೇ ಆಗಿ ನನ್ನ ಈ ಬರಹವೆಲ್ಲ ಅನಗತ್ಯವೆಂದು ತೇಲಿದರೆ ಅದನ್ನೂ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.